ಎದೆಯೊಳಗಿನ ಗಿರ್ರೆನ್ನುವ ಸದ್ದು

ನನ್ನ ಮಗಳ ಎದೆಯಲ್ಲಿ ಏನೋ ಸದ್ದಿದೆ ಎಂದು ಮೊದಲು ಹೇಳಿದ್ದು ಡಾಕ್ಟರಲ್ಲ, ನನ್ನ ಸೋದರಮಾವ. ಅರವತ್ತರ ದಶಕದ ಆರಂಭದ ಮಾತು ಇದು. ಮಡಂತ್ಯಾರಿನ ಹತ್ತಿರ ಮಾವನದೊಂದು ಅಕ್ಕಿ ಮಿಲ್ಲಿತ್ತು. ಬೆಳಗ್ಗೆ ಎಂಜಿನ್ ಚಾಲೂ ಮಾಡಿದ ಮೇಲೆ ಅದರ ಮೈಮೇಲೆ ಅಂಗೈ ಇಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲುವುದು ಅವರ ಪದ್ಧತಿ. ಕಿವಿಗೆ ಕೇಳದ ದೋಷ ಕೈಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಅದೇ ಕೈಯನ್ನು ಮೂರು ತಿಂಗಳ ಮಗುವಿನ ಎದೆಯ ಮೇಲಿಟ್ಟು, "ಇದರೊಳಗೆ ಗಿರ್ರ್ ಅಂತ ಏನೋ ಉಂಟಲ್ಲ ಮಗಾ," ಎಂದರು. ನಾನೂ ಇಟ್ಟು ನೋಡಿದೆ. ಹೌದು. ಹಾಲು ಕುಡಿದು ಒಲೆಯ ಬುಡದಲ್ಲಿ ಮಲಗಿದ ಬೆಕ್ಕನ್ನು ಮುಟ್ಟಿದ ಹಾಗಿತ್ತು. ನನ್ನದು ಮೊದಲ ಹೆರಿಗೆ. ಎಲ್ಲ ಮಕ್ಕಳ ಎದೆಯೂ ಹೀಗೆಯೇ ಇರುತ್ತದೇನೋ ಎಂದುಕೊಂಡೆ. ಬುದ್ಧಿ ಎಷ್ಟಿತ್ತು ನೋಡಿ!

ಮಗು ಮಾತ್ರ ಬೆಳೆಯಲಿಲ್ಲ. ಮೊಲೆಗೆ ಹಾಕಿದರೆ ನಾಲ್ಕು ಗುಟುಕು ಎಳೆಯುವುದು, ಬಿಟ್ಟು ಏದುಸಿರು ಬಿಡುವುದು. ಹಣೆಯ ಮೇಲೆ ಬೆವರ ಹನಿಗಳು. ಆಟಿ ತಿಂಗಳ ಮಳೆಯಲ್ಲಿ ಕಫ ಕಟ್ಟಿ ಪಕ್ಕೆ ಒಳಗೆ ಎಳೆಯತೊಡಗಿತು. ನೋಡಲು ಬಂದ ಹೆಂಗಸರು ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬಳು ದೃಷ್ಟಿ ಎಂದಳು, ಒಬ್ಬಳು ಬಾಲಗ್ರಹ ಎಂದಳು, ಇನ್ನೊಬ್ಬಳು ತಾಯಿಯ ಹಾಲೇ ತೆಳು ಎಂದಳು. ಆ ಮೂರನೆಯವಳಿಗೆ ನಾನು ಚಹಾ ಕೊಡಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನ್ನದು ಹೆಗ್ಗಣಕ್ಕಿಂತಲೂ ಸಣ್ಣದಿತ್ತು. ಮುದ್ದಿಗೆ ಮಾತ್ರ ಕಡಿಮೆ ಇರಲಿಲ್ಲ.

ಇಲ್ಲಿ ನಮ್ಮ ಮನೆಯ ಕಟ್ಟಳೆಯೊಂದನ್ನು ಹೇಳಬೇಕು. ನಾವು ಅಳಿಯಕಟ್ಟಿನವರು. ನಮ್ಮಲ್ಲಿ ಮನೆತನ ನಡೆಯುವುದು ಹೆಣ್ಣಿನಿಂದ. ಮಕ್ಕಳು ತಾಯಿಯ ಮನೆಗೆ ಸೇರಿದವರು. ಅವರ ಬೇಕು ಬೇಡ ನೋಡುವ ಯಜಮಾನ ತಾಯಿಯ ಕಡೆಯ ಹಿರಿಯ ಗಂಡಸು, ತಂದೆಯಲ್ಲ. ನನ್ನನ್ನು ಸಾಕಿದ್ದೂ ಅಮ್ಮನ ತಮ್ಮನಾದ ಈ ಮಾವನೇ. ನಾನು ಹುಟ್ಟಿ ಇಪ್ಪತ್ತೆರಡು ವರ್ಷಗಳ ಮೇಲೆ ಆ ಮನೆಯಲ್ಲಿ ಹುಟ್ಟಿದ ಹೆಣ್ಣುಕೂಸು ನನ್ನ ಮಗಳು. ಅದು ಉಳಿಯಬೇಕು ಎನ್ನುವುದರಲ್ಲಿ ಮಾವನಿಗೆ ನನ್ನಷ್ಟೇ ಆಸೆ ಇತ್ತು. ದಿನಾ ಸಂಜೆ ಮಿಲ್ಲಿನಿಂದ ಬಂದು ಕಾಲು ತೊಳೆದು ಅದರ ಎದೆಯ ಮೇಲೆ ಕೈ ಇಟ್ಟು, "ಹ್ಞಾಂ, ನಡೀತಾ ಉಂಟು," ಎಂದು ಹೇಳಿಯೇ ಗಂಜಿಗೆ ಕೂರುತ್ತಿದ್ದರು.

ನನ್ನ ಗಂಡ ಮೂಡುಬಿದಿರೆಯಲ್ಲಿ ಶಾಲಾ ಮಾಸ್ಟರು. ಶನಿವಾರ ಶಾಲೆ ಬಿಟ್ಟ ಮೇಲೆ ವೇಣೂರು ದಾರಿಯಾಗಿ ಗುರುವಾಯನಕೆರೆಗೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಸಂಜೆಗೆ ನಮ್ಮಲ್ಲಿ ಮುಟ್ಟುತ್ತಿದ್ದರು. ಆದಿತ್ಯವಾರ ಊಟವಾದ ಕೂಡಲೇ ಹೊರಡುತ್ತಿದ್ದರು. ಮಗುವಿಗೆ ಕೆಮ್ಮು ಇದ್ದುದರಿಂದ ಅದನ್ನು ನನ್ನ ಅಮ್ಮನೇ ಬೆಚ್ಚಗೆ ಮಲಗಿಸಿಕೊಳ್ಳುತ್ತಿದ್ದಳು. ಹಿರಿಯರ ಎದುರಿನಲ್ಲಿ ಗಂಡಸು ತನ್ನ ಮಗುವನ್ನು ತಾನೇ ಎತ್ತಿ ಆಡಿಸುವುದು ಆ ಕಾಲಕ್ಕೆ ನಾಚಿಕೆಗೇಡು. ಒಮ್ಮೆ ಒಳಕೋಣೆಯಲ್ಲಿ ನಾನೇ ಅವರ ತೊಡೆಯ ಮೇಲೆ ಹಾಕಿದೆ. ಜಗಲಿಯಲ್ಲಿ ಮಾವ ಕೆಮ್ಮಿದ್ದೇ ತಡ, ಕೆಂಡ ಮುಟ್ಟಿದವರ ಹಾಗೆ ತಿರುಗಿ ನನ್ನ ಕೈಗೆ ಕೊಟ್ಟರು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಜಾಸ್ತಿ ಬಂದದ್ದು ಸಿಟ್ಟು.

ಬಂಟ್ವಾಳ ಪೇಟೆಯ ಡಾಕ್ಟರು ನಮ್ಮನ್ನು ಮಂಗಳೂರಿಗೆ ಕಳಿಸಿ ಎದೆಯ ಫೋಟೋ ತೆಗೆಸಿ ತರಿಸಿದರು. ಅದನ್ನು ಬೆಳಕಿಗೆ ಹಿಡಿದು ನೋಡಿ ಮಾವನಿಗೆ ಹೇಳಿದರು: "ಹೃದಯದ ಹೊರಗೆ ಒಂದು ಸಣ್ಣ ನಾಳ ಉಂಟು. ತಾಯಿಯ ಹೊಟ್ಟೆಯೊಳಗೆ ಇರುವಾಗ ಮಗುವಿಗೆ ಅದು ಬೇಕು. ಹುಟ್ಟಿದ ಮೇಲೆ ತಾನಾಗಿ ಮುಚ್ಚಬೇಕು. ಇದಕ್ಕೆ ಮುಚ್ಚಲಿಲ್ಲ. ರಕ್ತ ಹೋಗಬಾರದ ಕಡೆಗೆ ನುಗ್ಗುತ್ತಾ ಉಂಟು. ಆಪರೇಶನ್ ಮಾಡಿ ಕಟ್ಟಬೇಕು. ಮದ್ರಾಸಿನ ಕಡೆ ಮಾಡ್ತಾರೆ."

"ಎಂಜಿನ್ ನಿಲ್ಲಿಸದೆ ಪೈಪು ರಿಪೇರಿ ಆಗ್ತದಾ ಡಾಕ್ಟ್ರೆ?" ಎಂದು ಮಾವ ಕೇಳಿದರು. "ನಿಲ್ಲಿಸಿದರೆ ಪುನಃ ಚಾಲೂ ಮಾಡುವವರು ಯಾರು? ನೀವಾ?"

ಡಾಕ್ಟರು ಬಾಯಿ ತೆರೆಯುವ ಮೊದಲೇ ಮಾವ ಮಗುವನ್ನು ಎತ್ತಿಕೊಂಡು ಹೊರಬಿದ್ದಾಗಿತ್ತು. ಕೂಸಿನ ಮೈಗೆ ಕತ್ತಿ ಮುಟ್ಟಿಸಲು ಬಿಡುವುದಿಲ್ಲ ಎಂದುಬಿಟ್ಟರು. ಆ ಶನಿವಾರ ಗಂಡ ಜಗಲಿಯಲ್ಲಿ ಕೂತು, "ಮಾಡಿಸುವುದು ಒಳ್ಳೆಯದಿತ್ತೋ ಏನೋ," ಎಂದು ನೆಲ ನೋಡುತ್ತಾ ಹೇಳಿದರು. "ಮಾಸ್ಟ್ರು ಶಾಲೆ ನೋಡಿಕೊಳ್ಳಲಿ," ಎಂದರು ಮಾವ. ಅಲ್ಲಿಗೆ ಮಾತು ಮುಗಿಯಿತು. ನಾನು ಒಳಗೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ದೀಪಾವಳಿ ಕಳೆದ ಮೇಲೆ ಮಗುವಿಗೆ ಜ್ವರ ಬಂತು, ಎದೆ ಕಟ್ಟಿತು, ತುಟಿ ಬಿಳುಚಿತು. ಮಾವನೇ ಹೊದಿಕೆಯಲ್ಲಿ ಸುತ್ತಿ ಬಂಟ್ವಾಳಕ್ಕೆ ಹೊತ್ತುಕೊಂಡು ಹೋದರು, ಹಿಂದಿನಿಂದ ನಾನು. ಹತ್ತು ದಿನ ಸೂಜಿ ಚುಚ್ಚಿಸಿಕೊಂಡು ಮಗು ಉಳಿಯಿತು. ಡಾಕ್ಟರು ಆಗ ಸಿಟ್ಟಿನಿಂದಲೇ ಹೇಳಿದರು: "ಈ ಸಲ ಉಳಿಯಿತು. ಬರುವ ಮಳೆಗಾಲ ದಾಟುತ್ತದೆ ಅಂತ ನಾನು ಹೇಳಲಾರೆ. ನಿಮ್ಮ ಎಂಜಿನನ್ನು ಯಾರೂ ಮುಟ್ಟುವುದಿಲ್ಲ ಮಾರಾಯ್ರೆ, ಹೊರಗಿನ ಪೈಪಿಗೆ ನೂಲು ಕಟ್ಟುವುದು ಅಷ್ಟೆ."

ಬಸ್ಸಿನಲ್ಲಿ ಮಾವ ಮಗುವನ್ನು ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದರು. ಮಡಂತ್ಯಾರಿನಲ್ಲಿ ಇಳಿದ ಮೇಲೆ, "ಹೋಗುವ. ನಾನೇ ಕರ್ಕೊಂಡು ಹೋಗ್ತೇನೆ," ಎಂದರು.

ಮದ್ರಾಸಿನ ಕಡೆಯ ದೊಡ್ಡ ಆಸ್ಪತ್ರೆಯಿಂದ ಕಾಗದ ಬಂದು ನಾವು ಹೊರಟಾಗ ಶಿವರಾತ್ರಿ ಕಳೆದಿತ್ತು, ಮಗುವಿಗೆ ಹತ್ತು ತಿಂಗಳು ತುಂಬಿತ್ತು. ಗಂಡ ಮೂಡುಬಿದಿರೆಯಿಂದ ನೇರ ಮಂಗಳೂರಿನ ರೈಲು ನಿಲ್ದಾಣಕ್ಕೆ ಬಂದು ಕುದಿಸಿ ಆರಿಸಿದ ನೀರಿನ ಎರಡು ಬಾಟ್ಲಿ, ಒಂದು ಸೀಪು ಕದಳಿ ಬಾಳೆಹಣ್ಣು ಕೊಟ್ಟರು. ನೀವೂ ಬನ್ನಿ ಎಂದು ಮಾವ ಹೇಳಲಿಲ್ಲ. ನಾನೂ ಬರುತ್ತೇನೆ ಎಂದು ಅವರು ಹೇಳಲಿಲ್ಲ. ನನಗೂ ಅದು ತಪ್ಪೆಂದು ಹೊಳೆಯಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಮಗುವಿನ ಕೆಲಸಕ್ಕೆ ಯಜಮಾನ ಹೋಗುತ್ತಾನೆ, ಮಾಸ್ಟರಿಗೆ ಪರೀಕ್ಷೆಯ ಕೆಲಸ ಇರುತ್ತದೆ. ಅದು ನಮಗೆಲ್ಲ ಬೆಳಗಾದರೆ ಸೂರ್ಯ ಬಂದ ಹಾಗೆ.

ಆ ಆಸ್ಪತ್ರೆಯಲ್ಲಿ ಎಲ್ಲ ತಮಿಳು. ಚೀಟಿ ಬರೆಯುವ ಗುಮಾಸ್ತ ಮಗುವಿನ ತಂದೆಯ ಹೆಸರು ಕೇಳಿದ. ಅಷ್ಟು ತಮಿಳು ನಮಗೂ ತಿಳಿಯುತ್ತಿತ್ತು. ನಾನು ಗಂಡನ ಹೆಸರು ಹೇಳುವವಳಲ್ಲ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ನಮ್ಮಲ್ಲಿ ನಂಬಿಕೆ. ಮದುವೆಯಾದ ಮೇಲೆ ಆ ಹೆಸರಿನ ಮೊದಲ ಅಕ್ಷರ ಬರುವ ತರಕಾರಿಯನ್ನೂ ಬೇರೆ ಹೆಸರಿನಿಂದ ಕರೆಯುತ್ತಿದ್ದೆ. ಮಾವನ ಮುಖ ನೋಡಿದೆ. ಮಾವ ತಡವರಿಸದೆ ತನ್ನ ಹೆಸರು ಹೇಳಿದರು. ಸುಳ್ಳು ಹೇಳುವ ಉದ್ದೇಶವೇನಲ್ಲ. ನನ್ನ ಶಾಲೆಯ ಪುಸ್ತಕದಲ್ಲಿಯೂ ಬರೆಸಿದ್ದು ಅವರದೇ ಹೆಸರು, ಮಗುವಿನ ಪರವಾಗಿ ಯಾರು ಕೇಳಿದರೂ ಯಜಮಾನನ ಹೆಸರು ಕೊಡುವುದು ಅಭ್ಯಾಸ. ಗುಮಾಸ್ತ ನನ್ನ ಕಡೆ ಬೆರಳು ತೋರಿಸಿ, ಇವಳು ನಿಮಗೇನಾಗಬೇಕೆಂದು ಕೇಳಿದ. "ನಾನು ಇವಳ ತಾಯಿಯ ತಮ್ಮ," ಎಂದು ಮಾವ ಎದೆ ಸೆಟೆಸಿ ಹೇಳಿದರು. ಗುಮಾಸ್ತ ತಲೆಯಾಡಿಸಿ ಬರೆದುಕೊಂಡ. ಅವನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಯಾಕೆ ಕಾಣಲಿಲ್ಲವೆಂದು ಆಮೇಲೆ ತಿಳಿಯಿತು.

ನಾಲ್ಕು ದಿನ ರಕ್ತ ತೆಗೆದರು, ತೂಕ ನೋಡಿದರು, ಒಪ್ಪಿಗೆಯ ಕಾಗದಕ್ಕೆ ಮಾವನಿಂದ ಸಹಿ ಹಾಕಿಸಿದರು. ಆಪರೇಶನ್ ನಾಳೆ ಎನ್ನುವಾಗ ಬೆಳಗ್ಗೆ ದೊಡ್ಡ ಡಾಕ್ಟರು ಹತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಮ್ಮ ಮಂಚದ ಹತ್ತಿರ ನಿಂತರು. ಮಗುವನ್ನು ತೋರಿಸಿದರು, ನನ್ನನ್ನು ತೋರಿಸಿದರು, ಮಾವನನ್ನು ತೋರಿಸಿದರು, ಇಂಗ್ಲಿಷಿನಲ್ಲಿ ಏನೋ ಹೇಳಿದರು. ಹುಡುಗರೆಲ್ಲ ಬರೆದುಕೊಂಡರು. ವಾರ್ಡಿನಲ್ಲಿ ಕಾಸರಗೋಡಿನ ಕಡೆಯ ಒಬ್ಬಳು ನರ್ಸ್ ಇದ್ದಳು, ನಮ್ಮ ತುಳುವೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ಅವಳು ಕಣ್ಣು ಅರಳಿಸಿಕೊಂಡು ನನ್ನ ಹತ್ತಿರ ಬಂದಳು.

"ಅಕ್ಕಾ, ಇವರು ನಿಮ್ಮ ಗಂಡನಾ?"

"ಥೂ! ಬಾಯಿಗೆ ಬಂದದ್ದು ಮಾತಾಡ್ಬೇಡ. ನನ್ನ ಮಾವ ಅವರು. ನನ್ನ ತಾಯಿಯ ತಮ್ಮ."

"ಕಾಗದದಲ್ಲಿ ಅವರೇ ಮಗುವಿನ ತಂದೆ ಅಂತ ಉಂಟು. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ ಮಕ್ಕಳಿಗೆ ಇಂಥದ್ದು ಬರಬಹುದು ಅಂತ ದೊಡ್ಡ ಡಾಕ್ಟ್ರು ಈಗ ಪಾಠ ಮಾಡಿದ್ದು."

ಆ ಸೀಮೆಯಲ್ಲಿ ಸೋದರಮಾವನನ್ನು ಮದುವೆಯಾಗುವುದು ಸಾಮಾನ್ಯ. ನಮ್ಮ ಅಳಿಯಕಟ್ಟಿನಲ್ಲಿ ಸೋದರಮಾವ ಎಂದರೆ ಒಂದೇ ಮನೆ, ಒಂದೇ ಬಳಿ (ಗೋತ್ರ ಇದ್ದ ಹಾಗೆ), ತಂದೆಗಿಂತ ಹೆಚ್ಚು. ಅವಳ ಮಾತು ಮಾವನ ಕಿವಿಗೂ ಬಿತ್ತು. ಒಂದು ಕ್ಷಣ ಅವರಿಗೆ ಅರ್ಥವಾಗಲಿಲ್ಲ. ಆದ ಮೇಲೆ ಮುಖ ಸುಟ್ಟ ಹೆಂಚಿನ ಬಣ್ಣಕ್ಕೆ ತಿರುಗಿತು. "ಶಿವ ಶಿವಾ!" ಎಂದವರೇ ಹೆಗಲ ಬೈರಾಸು ಎಳೆದುಕೊಂಡು ಹೊರಗೆ ನಡೆದು, ಅಂಗಳದ ನಲ್ಲಿಯ ಕೆಳಗೆ ತಲೆ ಒಡ್ಡಿ ಕೂತರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ಓಡಿದರು. ಸೂತಕ ಕಳೆಯುವವರ ಹಾಗೆ ತಲೆಯಿಂದ ನೀರು ಸುರಿಸಿಕೊಂಡು ಒದ್ದೆ ಪಂಚೆಯಲ್ಲೇ ವಾರ್ಡಿಗೆ ಬಂದರು. "ಗಂಟು ಕಟ್ಟು. ಮನೆಗೆ ಹೋಗುವ. ಈ ಅನಾಚಾರದವರ ಕೈಯಲ್ಲಿ ನಮ್ಮ ಕೂಸನ್ನು ಕೊಡುವುದಿಲ್ಲ."

ಅಷ್ಟರಲ್ಲಿ ಸಂಗತಿ ದೊಡ್ಡ ಡಾಕ್ಟರಿಗೆ ಮುಟ್ಟಿತ್ತು. ಅವರು ಬೈಯಲಿಲ್ಲ. ಕಾಗದ ಹರಿದು, ತಂದೆ ಇರುವಾಗ ತಂದೆಯ ಸಹಿ ಇಲ್ಲದೆ ಕತ್ತಿ ಹಿಡಿಯುವುದಿಲ್ಲವೆಂದರು. ಐದು ದಿನದೊಳಗೆ ತಂದೆ ಬಂದರೆ ಸರಿ. ಇಲ್ಲದಿದ್ದರೆ ಮಂಚ ಬೇರೆಯವರಿಗೆ, ನಮ್ಮ ಸರದಿ ಇನ್ನು ನಾಲ್ಕು ತಿಂಗಳ ಮೇಲೆ. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ನಾಲ್ಕು ತಿಂಗಳೆಂದರೆ ಆಟಿ. ಬಂಟ್ವಾಳದ ಡಾಕ್ಟರು ದಾಟುತ್ತದೆಂದು ಹೇಳಲಾರೆ ಎಂದಿದ್ದ ಮಳೆಗಾಲದ ನಟ್ಟನಡು.

"ನಾನು ಬರುವುದಿಲ್ಲ," ಎಂದೆ.

ಹುಟ್ಟಿದಂದಿನಿಂದ ಅವರಿಗೆ ಎದುರು ಮಾತಾಡಿದವಳಲ್ಲ ನಾನು. ಮಾವ ಕಿವುಡರ ಹಾಗೆ ನೋಡಿದರು.

"ನಿಮ್ಮ ಮರ್ಯಾದೆ ನಲ್ಲಿಯ ನೀರಿಗೆ ಹೋಯಿತಲ್ಲ, ತೊಳೆದಾಯಿತಲ್ಲ? ನನ್ನ ಮಗು ಹೋದರೆ ಯಾವ ನೀರಲ್ಲಿ ತೊಳೆಯುವುದು? ಅವರನ್ನು ಕರೆಸ್ತೇನೆ."

"ಯಾರನ್ನು?"

"ಅದರ ಅಪ್ಪನನ್ನು."

ಮಾವ ಬೆನ್ನು ತಿರುಗಿಸಿ ಕೂತರು. ನಾನು ಮಗುವನ್ನು ಪಕ್ಕದ ಮಂಚದ ಹೆಂಗಸಿಗೆ ಒಪ್ಪಿಸಿ, ನರ್ಸಿನೊಂದಿಗೆ ತಂತಿ ಕಚೇರಿಗೆ ಹೋದೆ. "ಮಗು ಕ್ಷೇಮ ಅಂತ ಮೊದಲು ಹಾಕುವ ಅಕ್ಕಾ, ಇಲ್ಲದಿದ್ದರೆ ಅವರು ದಾರಿಯಲ್ಲೇ ಸಾಯ್ತಾರೆ," ಎಂದು ನರ್ಸೇ ತಂತಿಯ ಒಕ್ಕಣೆ ಬರೆದಳು. ಮೂಡುಬಿದಿರೆ, ಶಾಲೆ, ಎಲ್ಲ ಹೇಳಿದೆ. ಹೆಸರು? ನನಗೆ ಐದನೇ ಕ್ಲಾಸಿನ ಕನ್ನಡ ಬರುತ್ತಿತ್ತು, ಬರೆದು ತೋರಿಸಿದರೆ ನರ್ಸಾದರೂ ಓದಿಯಾಳೆಂದು ಪೆನ್ನು ಕೇಳಿದೆ. ಅವಳು ಮಲಯಾಳ ಓದಿದವಳು, ಕನ್ನಡ ಮಾತು ಮಾತ್ರ. ಕಿಟಕಿಯೊಳಗಿನವನಿಗೆ ಅದೂ ಇಲ್ಲ. ಸಾಲಿನಲ್ಲಿ ಹಿಂದಿದ್ದವರು ಗೊಣಗತೊಡಗಿದರು. ಕಣ್ಣು ಮುಚ್ಚಿ ಹೇಳಿದೆ. ನನಗೇ ಕೇಳಲಿಲ್ಲ. "ಜೋರಾಗಿ, ಅಕ್ಕಾ." ಎರಡನೇ ಸಲವೂ ಸ್ವರ ಗಂಟಲಿನಿಂದ ಈಚೆಗೆ ಬರಲಿಲ್ಲ. ಮೂರನೇ ಸಲ ಎಲ್ಲಿತ್ತೋ ಆ ಸಿಟ್ಟು, ಗದ್ದೆಯ ಆಚೆ ಬದಿಯವರನ್ನು ಕರೆಯುವ ಹಾಗೆ ಕೂಗಿಬಿಟ್ಟೆ. ಇಡೀ ತಂತಿ ಕಚೇರಿ ತಿರುಗಿ ನೋಡಿತು. ಆ ಹೆಸರನ್ನು ಮತ್ತೆ ನಾನು ಹೇಳಿಲ್ಲ, ಇಲ್ಲಿ ಬರೆಯುವುದೂ ಇಲ್ಲ. ಮನುಷ್ಯ ಎಂಬತ್ತರವರೆಗೆ ಗಟ್ಟಿಮುಟ್ಟಾಗಿ ಬದುಕಿದರು, ಆಯುಸ್ಸಿಗೆ ಏನೂ ಆಗಲಿಲ್ಲ ಎನ್ನುವುದನ್ನು ಮಾತ್ರ ಹೇಳುತ್ತೇನೆ.

ನಾಲ್ಕು ದಿನ ಮಾವ ನನ್ನೊಂದಿಗೆ ಮಾತಾಡಲಿಲ್ಲ. ಊರಿಗೂ ಹೋಗಲಿಲ್ಲ. ಸಂಜೆ ಬಂದು ಮಗುವಿನ ಎದೆಯ ಮೇಲೆ ಕೈ ಇಟ್ಟು, ಗೋಡೆಗೆ ಹೇಳುವ ಹಾಗೆ, "ನಡೀತಾ ಉಂಟು," ಎಂದು ಹೋಗುತ್ತಿದ್ದರು. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ನಾನು ತಲೆ ಎತ್ತುತ್ತಿದ್ದೆ. ಎಷ್ಟು ದೇವರಿಗೆ ಹರಕೆ ಹೇಳಿದೆನೆಂದರೆ ಆಮೇಲೆ ತೀರಿಸಲು ಎರಡು ವರ್ಷ ಬೇಕಾಯಿತು.

ಐದನೇ ದಿನ ಬೆಳಗ್ಗೆ ಗಂಡ ಬಂದರು. ಗಡ್ಡ ಬೆಳೆದಿತ್ತು, ಜುಬ್ಬದ ತೋಳಿನಲ್ಲಿ ಸೀಮೆಸುಣ್ಣದ ಗುರುತು ಹಾಗೆಯೇ ಇತ್ತು. ತಂತಿ ಬಂದಾಗ ತರಗತಿಯಲ್ಲಿದ್ದವರು ಮನೆಗೂ ಹೋಗದೆ ಹೊರಟಿದ್ದರು. ನರ್ಸ್ ಹೊಸ ಕಾಗದ ತಂದು ಪೆನ್ನು ಕೊಟ್ಟಳು. ಅವರು ಪೆನ್ನು ಹಿಡಿದರು. ಹಿಡಿದು ಮಾವನ ಮುಖ ನೋಡಿದರು.

"ಮಾವ ಹೇಳಿದರೆ ಹಾಕ್ತೇನೆ," ಎಂದರು.

"ಅಷ್ಟು ದೂರದಿಂದ ಬಂದದ್ದು ಅವರ ಮುಖ ನೋಡ್ಲಿಕ್ಕಾ? ಮಗುವಿನ ಮುಖ ನೋಡಿ!" ಎಂದೆ. ವಾರ್ಡಿನಲ್ಲಿ ಎಲ್ಲರೂ ಇದ್ದರು, ಇರಲಿ.

ಮಾವ ಬಹಳ ಹೊತ್ತು ಬೈರಾಸಿನ ತುದಿ ಹೊಸೆಯುತ್ತಾ ಕೂತರು. ಆಮೇಲೆ ಎದ್ದು ಬಂದು ಕಾಗದದ ಮೇಲೆ ಬಗ್ಗಿದರು. "ಹಾಕಿ ಮಾಸ್ಟ್ರೆ. ನನಗೆ ಧೈರ್ಯ ಇಲ್ಲದೆ ಇಷ್ಟು ತಡ ಆದದ್ದು. ಕೆಳಗೆ ಸಾಕ್ಷಿಗೆ ಜಾಗ ಉಂಟಾ ನೋಡಿ." ಜಾಗ ಇತ್ತು. ಗಂಡ ಇಂಗ್ಲಿಷಿನಲ್ಲಿ ಹಾಕಿದರು. ಮಾವ ಅದರ ಕೆಳಗೆ ಜಾಗದ ಕಾಗದಪತ್ರಗಳಿಗೆ ಹಾಕುವ ಉದ್ದ ಕನ್ನಡ ಸಹಿ ಹಾಕಿದರು.

ಮರುದಿನ ಬೆಳಗ್ಗೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಆ ಹೊತ್ತಿನ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಮೂವರೂ ಒಂದೇ ಬೆಂಚಿನಲ್ಲಿ ಕೂತಿದ್ದೆವು, ಊರಿನಲ್ಲಾದರೆ ಹಾಗೆ ಕೂರುತ್ತಿರಲಿಲ್ಲ. ಮಧ್ಯಾಹ್ನ ದೊಡ್ಡ ಡಾಕ್ಟರು ಹೊರಗೆ ಬಂದು, ಕಟ್ಟಿಯಾಯಿತು, ಇನ್ನು ಕಾಯಬೇಕು ಎಂದರು. ಮೂರು ದಿನ ಗಾಜಿನ ಆಚೆಯಿಂದ ನೋಡಿದೆವು. ಎಡ ಕಂಕುಳಿನಿಂದ ಬೆನ್ನಿನವರೆಗೆ ಪಟ್ಟಿ, ಪಕ್ಕೆಯಿಂದ ಒಂದು ಕೊಳವೆ. ನಾಲ್ಕನೇ ದಿನ ಮಂಚಕ್ಕೆ ತಂದು ಮಲಗಿಸಿದರು. ಮಗು ನಿದ್ದೆಯಲ್ಲಿತ್ತು. ನೋವಾದೀತೆಂದು ನಾನು ಮುಟ್ಟಿರಲಿಲ್ಲ.

ಸಂಜೆ ಮಾವ ಬಂದರು. ಕೈ ತೊಳೆದುಕೊಂಡು, ಪಟ್ಟಿಯಿಲ್ಲದ ಕಡೆ ನೋಡಿ, ಎದೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟರು. ಇಟ್ಟವರು ಹಾಗೆಯೇ ನಿಂತರು. "ನಡೀತಾ ಉಂಟು" ಬರಲಿಲ್ಲ.

"ನಿಂತಿದೆ, ಮಗಾ," ಎಂದರು. ಸ್ವರ ಅವರದ್ದಾಗಿರಲಿಲ್ಲ. "ಎಂಜಿನ್ ನಿಂತಿದೆ."

ನಾನು ಅವರ ಕೈ ತಳ್ಳಿ ನನ್ನದನ್ನು ಇಟ್ಟೆ. ಗಿರ್ರ್ ಇಲ್ಲ. ಇಷ್ಟು ತಿಂಗಳು ನನ್ನ ಅಂಗೈಗೆ ಗೊತ್ತಿದ್ದದ್ದು ಅದೊಂದೇ. ನಾನು ಕಿರುಚಿದ್ದು ಮೂರು ವಾರ್ಡಿಗೆ ಕೇಳಿತಂತೆ. ನರ್ಸ್ ಓಡಿ ಬಂದಳು. ನನ್ನ ಕೂಗಿಗೆ ಎಚ್ಚರವಾದ ಮಗು ಅಷ್ಟರಲ್ಲಿ ರಂಪ ಮಾಡಿ ಅಳತೊಡಗಿತ್ತು. ಮೂಗಿನ ತುದಿ ಕೆಂಪಾಗಿತ್ತು, ತುಟಿ ಕೆಂಪಾಗಿತ್ತು.

"ಅಯ್ಯೋ ಅಕ್ಕಾ, ಆ ಸದ್ದು ನಿಲ್ಲಿಸ್ಲಿಕ್ಕೇ ಅಲ್ವಾ ನೀವು ಇಷ್ಟು ದೂರ ಬಂದದ್ದು?"

ಅವಳು ನಗುತ್ತಾ ಹೋದಳು. ಮಗುವನ್ನು ಸಮಾಧಾನ ಮಾಡಿದ ಮೇಲೆ ಮಾವ ಇನ್ನೊಮ್ಮೆ ಕೈ ಇಟ್ಟು ತುಂಬ ಹೊತ್ತು ನಿಂತರು. "ಉಂಟು," ಎಂದರು ಕೊನೆಗೆ. "ಸಣ್ಣಕ್ಕೆ, ಟುಕ್ ಟುಕ್ ಅಂತ. ಸರಿಯಾದ ಎಂಜಿನಿಗೆ ಇಷ್ಟೇ ಸದ್ದಾ, ಮಾರಾಯ್ತಿ!" ಕಣ್ಣೊರೆಸಿಕೊಂಡರು. ಮಂಚದ ಕಾಲಿನ ಕಡೆ ನನ್ನ ಗಂಡ ಕೈ ಕಟ್ಟಿ ನಿಂತಿದ್ದರು. ಮಾವ ಅವರ ಮಣಿಕಟ್ಟು ಹಿಡಿದು ಎಳೆದು ಆ ಅಂಗೈಯನ್ನು ಮಗುವಿನ ಎದೆಯ ಮೇಲಿಟ್ಟರು. "ನೋಡಿ ಮಾಸ್ಟ್ರೆ."

ಅವರು ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು:

"ಮೊದಲು ಹೇಗಿತ್ತು?"

ನಾನೂ ಮಾವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಕ್ಕಪಕ್ಕದ ಹೆಂಗಸರು, ಮಿಲ್ಲಿಗೆ ಭತ್ತ ತಂದವರು, ಊರಲ್ಲಿ ಯಾರು ಯಾರೋ ಆ ಎದೆಯ ಮೇಲೆ ಕೈ ಇಟ್ಟು ನೋಡಿದ್ದರು. ಹೆತ್ತ ಅಪ್ಪ ಒಬ್ಬನಿಗೇ ಗೊತ್ತಿರಲಿಲ್ಲ. ಮಾವ ಬಾಯಿಯಿಂದ "ಗಿರ್ರ್" ಎಂದು ಮಾಡಿ ತೋರಿಸಲು ಹೋದರು. ಸರಿಯಾಗಲಿಲ್ಲ, ಮಗು ನಕ್ಕಿತು. ಮಾವ ಅಲ್ಲಿಯೇ ನಿಂತಿದ್ದರು, ಎರಡು ಸಲ ಕೆಮ್ಮಿದರು ಕೂಡ. ನನ್ನ ಗಂಡ ಕೈ ತೆಗೆಯಲಿಲ್ಲ.